ಉಜ್ಜಿದ ಡಾಲರ್

ಪಾರ್ಸೆಲ್ ಬಂದಾಗ ಅಮ್ಮ ವಿಡಿಯೋ ಕಾಲ್‌ನಲ್ಲಿದ್ದಳು. ನಾನು ಕತ್ತರಿ ಹುಡುಕಿ, ಟೇಪ್ ಕತ್ತರಿಸಿ, ಒಳಗಿನ ಪ್ಲಾಸ್ಟಿಕ್ ಡಬ್ಬಿ ತೆಗೆದೆ. ಅಂಗೈಯಷ್ಟೇ ಇರೋ ಗಟ್ಟಿ ಪಾರದರ್ಶಕ ಡಬ್ಬಿ, ನಡುವೆ 1799ರ ಬೆಳ್ಳಿ ಡಾಲರ್. ಮೇಲಿನ ಚೀಟಿ ಓದಿದ ತಕ್ಷಣ ನನ್ನ ಮುಖ ಸಣ್ಣಗಾಗಿದ್ದು ಬೆಂಗಳೂರಿನವರೆಗೂ ಕಂಡಿರಬೇಕು.

‘ಏನಾಯ್ತೋ?’

‘ಕ್ಲೀನ್ಡ್ ಅಂತ ಬರೆದು ಕಳಿಸಿದ್ದಾರಮ್ಮ. ಯಾರೋ ಹಿಂದೆ ಇದನ್ನ ಉಜ್ಜಿ ತೊಳೆದಿದ್ದಾರಂತೆ. ಅದಕ್ಕೇ ನಂಬರ್ ಕೊಟ್ಟಿಲ್ಲ.’

‘ತೊಳೆದಿದ್ದಕ್ಕಾ?’ ಅಂದಳು ಅಮ್ಮ. ‘ಬೆಳ್ಳೀನ ತೊಳೆದ್ರೆ ತಪ್ಪು ಅನ್ನೋ ಊರು ಯಾವುದಪ್ಪಾ ಅದು?’

ಪ್ರತಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕುಂಕುಮದ ಭರಣಿ, ದೀಪದ ಕಂಬ, ಪಂಚಪಾತ್ರೆಗಳನ್ನೆಲ್ಲ ವಿಭೂತಿ ಹಾಕಿ ಫಳಫಳ ಅನ್ನೋ ಹಾಗೆ ತಿಕ್ಕುವವಳು ಅವಳು. ಕಪ್ಪಾದ ಬೆಳ್ಳಿ ಮನೆಗೆ ಅವಮಾನ ಅಂತ ಬೆಳೆದ ನನಗೆ, ಕಪ್ಪಾದ ಬೆಳ್ಳಿಗೇ ಹೆಚ್ಚು ಬೆಲೆ ಕೊಡೋ ಈ ಲೋಕ ಅರ್ಥವಾಗೋಕೆ ಸುಮಾರು ದಿನ ಹಿಡೀತು. ಅರ್ಥವಾದ ಮೇಲೆ ಒಂದು ತಕರಾರೂ ಹುಟ್ಕೊಂಡಿತು. ಈ ಬರಹ ಆ ತಕರಾರಿನದು.

ಮೊದಲು ನಾಣ್ಯದ ಕತೆ ಸ್ವಲ್ಪ. ಅಮೆರಿಕದಲ್ಲಿ ಟಂಕಸಾಲೆಯ ಕಾನೂನು ಬಂದಿದ್ದು 1792ರ ಏಪ್ರಿಲ್‌ನಲ್ಲಿ. ಒಂದು ಡಾಲರ್ ಅಂದ್ರೆ 371.25 ಗ್ರೇನ್ ಅಪ್ಪಟ ಬೆಳ್ಳಿ, ತಾಮ್ರ ಬೆರೆತ ಮೇಲೆ 416 ಗ್ರೇನ್ ತೂಕ, ನಮ್ಮ ಲೆಕ್ಕದಲ್ಲಿ 27 ಗ್ರಾಮಿಗೆ ಕೂದಲೆಳೆ ಕಮ್ಮಿ, ಅಂತ ಅದರಲ್ಲಿ ಬರೆದಿಟ್ಟರು. ಒಂದು ಸುಮ್ಮನೆ ಲೆಕ್ಕ ಹೇಳ್ತೀನಿ, ನನಗೆ ಖುಷಿ ಕೊಟ್ಟಿದ್ದು. 1835ರ ಈಸ್ಟ್ ಇಂಡಿಯಾ ಕಂಪನಿ ರೂಪಾಯಿಯಲ್ಲಿ ಇದ್ದ ಅಪ್ಪಟ ಬೆಳ್ಳಿ 165 ಗ್ರೇನ್. ಭಾಗಿಸಿ ನೋಡಿ: ಬರೀ ಬೆಳ್ಳಿಯ ಲೆಕ್ಕದಲ್ಲಿ ಆ ಹಳೆಯ ಡಾಲರಿಗೆ ಸರಿಯಾಗಿ ಎರಡೂಕಾಲು ರೂಪಾಯಿ. ಆನ್‌ಸೈಟ್ ಸಂಬಳವನ್ನ ರೂಪಾಯಿಗೆ ಗುಣಿಸಿ ನೋಡೋ ನಮ್ಮಂಥವರು ಒಂದು ನಿಮಿಷ ಸುಮ್ಮನೆ ಕೂರಬಹುದಾದ ಅಂಕಿ ಇದು.

ಕಾನೂನು ಬಂದರೂ ಬೆಳ್ಳಿ ಮುಟ್ಟೋಕೆ ಎರಡು ವರ್ಷ ಆಗಲಿಲ್ಲ. ಬೆಳ್ಳಿ-ಚಿನ್ನ ನೋಡಿಕೊಳ್ಳೋ ಅಧಿಕಾರಿಗಳು ತಲಾ 10,000 ಡಾಲರ್ ಜಾಮೀನು ಕೊಡಬೇಕು ಅಂತ ನಿಯಮ. ಆ ಕಾಲದಲ್ಲಿ ಅಷ್ಟು ಹಣ ಎಲ್ಲಿಂದ ತರೋದು? 1794ರಲ್ಲಿ ಜಾಮೀನಿನ ಮೊತ್ತ ಇಳಿಸಿದ ಮೇಲೆಯೇ ದಾರಿಯಾಗಿದ್ದು. ಅದೇ ವರ್ಷ ಅಕ್ಟೋಬರ್ 15ಕ್ಕೆ ಮೊದಲ ಕಂತು ಹೊರಬಂತು, 1,758 ಡಾಲರ್. ಇದ್ದ ಯಂತ್ರ ಇಷ್ಟು ದೊಡ್ಡ ನಾಣ್ಯಕ್ಕೆ ಮಾಡಿದ್ದೇ ಅಲ್ಲ. ಹಾಗಾಗಿ 1794ರ ನಾಣ್ಯಗಳಲ್ಲಿ ಎಡಗಡೆ ನಕ್ಷತ್ರಗಳು, ಇಸವಿಯ ಒಂದು ಭಾಗ ಮಾಸಲು. ಅದು ಸವೆದದ್ದಲ್ಲ, ಹುಟ್ಟುವಾಗಲೇ ಹಾಗೆ.

1794-95ರ ನಾಣ್ಯದ ಹೆಣ್ಣಿಗೆ, ಅಂದರೆ ಸ್ವಾತಂತ್ರ್ಯದೇವಿಗೆ, ಕೂದಲು ಬಿಚ್ಚಿ ಹಾರಾಡ್ತಿದೆ. ಸಂಗ್ರಾಹಕರು ‘ಫ್ಲೋಯಿಂಗ್ ಹೇರ್’ ಅನ್ನೋದು ಇದನ್ನೇ. 1795ರಲ್ಲೇ ಅವಳನ್ನ ಬದಲಾಯಿಸಿ, ತಲೆಗೆ ರಿಬ್ಬನ್ ಕಟ್ಟಿ, ಭುಜಕ್ಕೆ ಬಟ್ಟೆ ಹೊದಿಸಿದರು, ಅದು ‘ಡ್ರೇಪ್ಡ್ ಬಸ್ಟ್’. ಹಿಂದುಗಡೆ ಮೊದಲು ಬಡಕಲು ಹದ್ದು, 1798ರಿಂದ ಎದೆಗೆ ಗುರಾಣಿ ಹೊತ್ತ ದೊಡ್ಡ ಹದ್ದು. ಎಲ್ಲರೂ ಎರಡನೆಯವಳನ್ನ ಸುಂದರಿ ಅಂತಾರೆ. ನನಗೆ ಮೊದಲನೆಯವಳೇ ಇಷ್ಟ. ಎರಡನೆಯವಳು ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗಿದ್ದಾಳೆ, ಮೊದಲನೆಯವಳು ಯಾವುದೋ ಕೆಲಸದ ನಡುವೆ ಯಾರೋ ಕರೆದರು ಅಂತ ತಿರುಗಿದ ಹಾಗಿದ್ದಾಳೆ. ಹೊಸ ದೇಶದ ಗಡಿಬಿಡಿ ಅವಳ ಕೂದಲಲ್ಲೇ ಇದೆ. ಆದರೆ ನನ್ನ ಜೇಬಿಗೆ ನಿಲುಕಿದ್ದು ಎರಡನೆಯವಳು. 1799ರಲ್ಲಿ ಟಂಕಸಾಲೆ 4,23,515 ಡಾಲರ್ ಹೊರಗೆ ಕಳಿಸಿದ ಲೆಕ್ಕ ಇದೆ. ಈ ಸರಣಿಯಲ್ಲಿ ಸುಲಭವಾಗಿ ಸಿಗೋ ವರ್ಷ ಅದು.

ಫಿಲಡೆಲ್ಫಿಯಾ ಹತ್ತಿರ ಪ್ರಾಜೆಕ್ಟ್ ಮೇಲೆ ಎರಡು ವರ್ಷ ಇದ್ದೆ. ಮೊದಲ ಟಂಕಸಾಲೆ ಇದ್ದ ಏಳನೇ ಬೀದಿಯಲ್ಲಿ ನಡೆದಾಡಿದ್ದೀನಿ, ಹಳೆಯ ಕಟ್ಟಡ ಈಗಿಲ್ಲ. ಆ ಹುಚ್ಚಲ್ಲೇ ಒಂದು ಭಾನುವಾರ ನಾಣ್ಯಮೇಳಕ್ಕೆ ಹೋಗಿ, ಬೋನಸ್ ಬಂದಿದ್ದ ಧೈರ್ಯದಲ್ಲಿ, 1,800 ಡಾಲರ್ ಕೊಟ್ಟು ಇದನ್ನ ತಗೊಂಡೆ. ಡಬ್ಬಿ ಇರಲಿಲ್ಲ, ಬರೀ ನಾಣ್ಯ. ವ್ಯಾಪಾರಿ ‘ಒರಿಜಿನಲ್’ ಅಂದ. ನಾನು ತೂಕ ನೋಡಿದೆ, 26.6 ಗ್ರಾಂ, ಸವೆದ ನಾಣ್ಯಕ್ಕೆ ಸರಿಯೇ. ಅಂಚು ನೋಡಿದೆ. ಎರಡೂ ಮುಖ ನೋಡಿದೆ. ಓರೆಯಾಗಿ ಹಿಡಿದು, ದೀಪದ ಕೆಳಗೆ ನಿಧಾನಕ್ಕೆ ತಿರುಗಿಸಿ ನೋಡೋದೊಂದು ಮಾಡಲಿಲ್ಲ. ಹಾಗೆ ಮಾಡಿದ್ರೆ ಒಂದೇ ದಿಕ್ಕಿಗೆ ಓಡೋ ಕೂದಲೆಳೆಯಂಥ ಗೀರುಗಳು ಕಾಣ್ತಿದ್ದವು. ಬೆಳ್ಳಿ ಬೆಳ್ಳಗಿತ್ತು, ಆದರೆ ಜೀವ ಇರಲಿಲ್ಲ, ಸತ್ತ ಬಿಳುಪು. ಬೆಳ್ಳಗಿರೋದೇ ಚೆನ್ನ ಅಂತ ನನ್ನೊಳಗಿನ ಅಮ್ಮನ ಮಗ ಮೋಸಹೋದ. ವ್ಯಾಪಾರಿಯನ್ನ ಪೂರ್ತಿ ಬೈಯೋಕೂ ಮನಸ್ಸಿಲ್ಲ, ನೋಡದೇ ಇದ್ದವನು ನಾನು.

ಈಗ ತಕರಾರಿಗೆ ಬರ್ತೀನಿ.

ಅಮೆರಿಕದ ನಾಣ್ಯಗಳಿಗೆ ಅಂಕ ಕೊಡೋದು 1ರಿಂದ 70ರವರೆಗೆ. ನೂರಲ್ಲ, ಎಪ್ಪತ್ತು ಯಾಕೆ? 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನೋರು ಹಳೆಯ ತಾಮ್ರದ ಸೆಂಟ್‌ಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಅಳತೆ ಹುಟ್ಟಿತು. ತೀರಾ ಸವೆದು ಇದು ಯಾವುದು ಅಂತ ಗುರುತಿಸೋಕಷ್ಟೇ ಆಗೋ ಸೆಂಟ್‌ಗೆ ಒಂದು ರೂಪಾಯಿ ಅಂದುಕೊಳ್ಳಿ. ಅದೇ ಬಗೆಯದು ಚೂರೂ ಸವೆಯದೆ ಸಿಕ್ಕರೆ ಎಪ್ಪತ್ತು ರೂಪಾಯಿ. ಅಂದ್ರೆ ಅದು ಅಂದದ ಅಳತೆಯಾಗಿರಲಿಲ್ಲ, ಅವತ್ತಿನ ಪೇಟೆಯ ಒಂದು ಗುಣಾಕಾರ. ಆ ಗುಣಾಕಾರ ಬೇಗ ಸುಳ್ಳಾಯ್ತು, ಅಂಕಿ ಮಾತ್ರ ಉಳಿದುಬಿಡ್ತು. ತಾಮ್ರಕ್ಕೆ ಮಾಡಿದ್ದನ್ನ ಬೆಳ್ಳಿಗೂ ಚಿನ್ನಕ್ಕೂ ಹಚ್ಚಿದರು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಬಂದು ನಾಣ್ಯಗಳನ್ನ ಡಬ್ಬಿಯಲ್ಲಿ ಮುಚ್ಚಿ ಮೇಲೆ ಅಂಕಿ ಬರೆಯೋಕೆ ಶುರುಮಾಡಿದ ಮೇಲಂತೂ, ಜನ ನಾಣ್ಯ ಬಿಟ್ಟು ಚೀಟಿ ಓದೋಕೆ ಶುರುಮಾಡಿದರು. ಅಪ್ರೈಸಲ್ ರೇಟಿಂಗ್ ನೋಡಿ ಮನುಷ್ಯನನ್ನ ಅಳೆಯೋ ಹಾಗೆ. ನಮಗೆಲ್ಲ ಗೊತ್ತಿರೋ ಕಾಯಿಲೆಯೇ ಬಿಡಿ.

ಹಾಗಂತ ಡಬ್ಬಿಯಿಂದ ಉಪಕಾರ ಆಗಿಲ್ಲ ಅಂತಲ್ಲ. ನಕಲಿ ನಾಣ್ಯಗಳ ಕಾಟ ಈ ಡಾಲರ್‌ಗಳಿಗೆ ವಿಪರೀತ. ನನ್ನ ಹಾಗೆ ಅರೆಬರೆ ಕಲಿತವನಿಗೆ, ಇನ್ನೊಬ್ಬ ತಿಳಿದವನು ನೋಡಿ ‘ಇದು ಅಸಲಿ’ ಅಂದ ಮಾತಿಗೆ ಬೆಲೆ ಇದೆ. ನನ್ನ ತಕರಾರು ಆ ಮಾತಿನ ಬಗ್ಗೆ ಅಲ್ಲ, ಅದರ ನಂತರ ಬರೋ ನೀತಿಯ ಬಗ್ಗೆ.

ಆ ಕಾಲದ ಡಾಲರ್‌ಗಳನ್ನ ಹತ್ತಿರದಿಂದ ನೋಡಿದ್ರೆ ಕೆಲವುದರ ಮೇಲೆ ಸಾಲುಸಾಲು ಗೀರುಗಳಿರ್ತವೆ. ಟಂಕಸಾಲೆಯಲ್ಲಿ ಬೆಳ್ಳಿ ಬಿಲ್ಲೆಯ ತೂಕ ಹೆಚ್ಚಾದಾಗ ಕೆಲಸದವರು ಅರ ಹಿಡಿದು ಉಜ್ಜಿ ಸರಿಮಾಡ್ತಿದ್ದರು. ಆಮೇಲೆ ಅಚ್ಚು ಒತ್ತೋದು. ಒತ್ತಡ ಸಾಲದಿದ್ದ ಕಡೆ ಅರದ ಗೀರು ಹಾಗೇ ಉಳೀತಿತ್ತು. ತೂಕ ಕಮ್ಮಿಯಾದ ಬಿಲ್ಲೆಗೆ? ನಡುವೆ ತೂತು ಕೊರೆದು ಒಂದು ಬೆಳ್ಳಿ ತುಂಡು ತುರುಕಿ, ಮೇಲೆ ಅಚ್ಚು ಒತ್ತುತ್ತಿದ್ದರು. 1795ರ ಎಷ್ಟೋ ನಾಣ್ಯಗಳ ನಡುವೆ ಆ ತೇಪೆ ಕಾಣುತ್ತೆ. 2013ರ ಜನವರಿಯಲ್ಲಿ 1794ರ ಒಂದು ಡಾಲರ್ ಹರಾಜಿನಲ್ಲಿ 1,00,16,875 ಡಾಲರಿಗೆ ಹೋಯಿತು. ಒಂದು ಕೋಟಿ ದಾಟಿದ ಮೊದಲ ನಾಣ್ಯ. ಅದರಲ್ಲಿ ಅರದ ಗೀರೂ ಇದೆ, ಬೆಳ್ಳಿಯ ತೇಪೆಯೂ ಇದೆ. ಅಂಕ 66.

ಅಂದರೆ, ಟಂಕಸಾಲೆಯವನು ಅರದಿಂದ ಉಜ್ಜಿದ್ರೆ ಅದು ಚರಿತ್ರೆ. ಯಾವುದೋ ಮನೆಯಲ್ಲಿ, ಇನ್ನೂರು ವರ್ಷದಲ್ಲಿ ಯಾವುದೋ ಒಂದು ದಿನ, ಯಾರೋ ಪಾಪ ಬಟ್ಟೆಯಿಂದ ಉಜ್ಜಿದ್ರೆ ಅದು ಅಪರಾಧ. ನನ್ನ ನಾಣ್ಯ ಕೈಗೆ ಬಂದ ವಾರ ಇದು ನನಗೆ ಶುದ್ಧ ಜಾತಿಪದ್ಧತಿ ಅನ್ನಿಸಿತ್ತು. ಒಂದೇ ಕೆಲಸ, ಮಾಡಿದವರ ಮೇಲೆ ತೀರ್ಪು.

ಕೋಪ ಇಳಿದ ಮೇಲೆ ಯೋಚಿಸಿದೆ. ಅಷ್ಟು ಸರಳ ಅಲ್ಲ ಅದು. ಅರದ ಗೀರು ಒಂದು ಸಂಗತಿಯನ್ನ ಹೇಳುತ್ತೆ: ತೂಕಕ್ಕೆ ತಲೆಕೆಡಿಸಿಕೊಂಡ, ಯಂತ್ರ ಇನ್ನೂ ಪಳಗದ ಒಂದು ಕಾರ್ಖಾನೆ ಇತ್ತು ಅಂತ. ಅದು ನಾಣ್ಯಕ್ಕೆ ಏನನ್ನೋ ಸೇರಿಸಿತು. ಉಜ್ಜಿ ತೊಳೆದದ್ದು ಅಳಿಸಿತು. ಅಚ್ಚಿನ ಒತ್ತಡದಲ್ಲಿ ಬೆಳ್ಳಿ ಹರಿದ ಗೆರೆಗಳಿಂದ ಬರೋ ಹೊಳಪಿದೆಯಲ್ಲ, ನಾಣ್ಯ ತಿರುಗಿಸಿದಾಗ ಗಾಡಿ ಚಕ್ರದ ಕಡ್ಡಿಗಳ ಹಾಗೆ ಬೆಳಕು ಸುತ್ತೋದು, ಅದು ಒಂದು ಸಲ ಹೋದ್ರೆ ಹೋಯ್ತು. ನನ್ನಂಥ ಸವೆದ ನಾಣ್ಯದಲ್ಲಿ ಅದು ಅಕ್ಷರಗಳ ಸಂದಿಯಲ್ಲಿ ಚೂರು ಉಳಿದಿರಬೇಕಿತ್ತು, ಉಳಿದಿಲ್ಲ. ದಶಕಗಟ್ಟಲೆ ಗಾಳಿಯ ಗಂಧಕ ಕೂತು ಬಂದ ಬಣ್ಣವೂ ಅಷ್ಟೇ. ನಾಣ್ಯ ಒಂದು ದಾಖಲೆ ಅಂದುಕೊಂಡರೆ, ಉಜ್ಜೋದು ದಾಖಲೆಗೆ ರಬ್ಬರ್ ಹಾಕಿದ ಹಾಗೆ. ಈ ಮಾತು ಅಮ್ಮನಿಗೂ ಹೇಳಿದೆ. ‘ಪೂಜೆ ಸಾಮಾನು ದಾಖಲೆ ಅಲ್ವಲ್ಲ’ ಅಂದಳು. ಅದೂ ನಿಜ. ದಿನಾ ಬಳಸೋ ಬೆಳ್ಳಿಗೆ ಬಳಸುವವರ ಕೈ ಬೇಕು, ಬಳಕೆ ಮುಗಿದ ಬೆಳ್ಳಿಗೆ ಕೈ ಬೇಡ.

ಹಾಗಾದ್ರೆ ನೀತಿ ಸರಿಯಾಗೇ ಇದೆಯಲ್ಲ ಅಂತೀರಾ? ಎರಡು ಕಡೆ ಅದು ಜಾರುತ್ತೆ.

ಒಂದು, ಅದ್ದೋದು. ನಾಣ್ಯವನ್ನ ಆಮ್ಲದ ದ್ರಾವಣದಲ್ಲಿ ಕ್ಷಣಕಾಲ ಅದ್ದಿ ತೆಗೆದ್ರೆ ಕಪ್ಪು ಹೋಗುತ್ತೆ, ಗೀರು ಬೀಳಲ್ಲ. ಅದೂ ಮೇಲ್ಮೈಯ ಒಂದು ಪದರ ತಿನ್ನುತ್ತೆ, ಅದೂ ಅಳಿಸೋದೇ. ಆದರೆ ಹದವಾಗಿ ಅದ್ದಿದ್ದಕ್ಕೆ ಅಂಕ ಸಿಗುತ್ತೆ, ಎಷ್ಟೋ ಬಿಳಿಬಿಳಿ ಹಳೆಯ ಡಾಲರ್‌ಗಳು ಹಾಗೇ ಪಾಸಾಗಿವೆ. ಅಂಕ ಕೊಡೋ ದೊಡ್ಡ ಸಂಸ್ಥೆಗಳ ಬಳಗವೇ ‘ಸಂರಕ್ಷಣೆ’ ಅನ್ನೋ ಹೆಸರಲ್ಲಿ ನಾಣ್ಯದ ಮೇಲಿನ ಕೊಳೆ ತೆಗೆಯೋ ಸೇವೆಯನ್ನ ಹಣಕ್ಕೆ ಮಾಡುತ್ತೆ. ಪಳಗಿದ ಕೈ ಮಾಡಿದ್ರೆ ಸಂರಕ್ಷಣೆ, ಅಜ್ಜಿ ಮಾಡಿದ್ರೆ ಕ್ಲೀನ್ಡ್. ಕೆಲಸದ ಗುಣದಲ್ಲಿ ವ್ಯತ್ಯಾಸ ಇದೆ, ಒಪ್ಪುತ್ತೀನಿ. ಆದರೆ ‘ಮುಟ್ಟದ ನಾಣ್ಯ’ ಅನ್ನೋ ಮಂತ್ರವನ್ನ ಅಷ್ಟು ಜೋರಾಗಿ ಹೇಳಬಾರದು.

ಎರಡನೆಯದು ಇನ್ನೂ ದೊಡ್ಡದು. 1804ರ ಡಾಲರ್.

ಟಂಕಸಾಲೆಯ ಲೆಕ್ಕಪುಸ್ತಕದಲ್ಲಿ 1804ರಲ್ಲಿ 19,570 ಡಾಲರ್ ಹೊಡೆದ ನಮೂದಿದೆ. ಆದರೆ ಅವು ಹಳೆಯ ಇಸವಿಯ ಅಚ್ಚುಗಳಿಂದ ಹೊಡೆದವು. ಆಮೇಲೆ ಡಾಲರ್ ಹೊಡೆಯೋದನ್ನೇ ನಿಲ್ಲಿಸಿದರು. ಕಾರಣ, ಹೊಸ ಡಾಲರನ್ನ ವೆಸ್ಟ್ ಇಂಡೀಸಿಗೆ ಒಯ್ದು, ಅಲ್ಲಿ ಸ್ವಲ್ಪ ಹೆಚ್ಚು ತೂಕದ ಸ್ಪ್ಯಾನಿಷ್ ಡಾಲರಿಗೆ ಒಂದಕ್ಕೊಂದು ಬದಲಾಯಿಸಿ, ಅದನ್ನ ತಂದು ಟಂಕಸಾಲೆಗೇ ಕೊಟ್ಟು ಲಾಭ ಮಾಡ್ತಿದ್ದರು. ಊರಲ್ಲಿ ನಿಲ್ಲದ ನಾಣ್ಯ ಹೊಡೆದು ಏನು ಪ್ರಯೋಜನ? ಮತ್ತೆ ಡಾಲರ್ ಬಂದದ್ದು 1836ರಲ್ಲಿ.

ಈ ನಡುವೆ 1834ರಲ್ಲಿ ಎಡ್ಮಂಡ್ ರಾಬರ್ಟ್ಸ್ ಅನ್ನೋ ರಾಯಭಾರಿ ಮಸ್ಕತ್ ಸುಲ್ತಾನನಿಗೂ ಸಯಾಮಿನ ರಾಜನಿಗೂ ಉಡುಗೊರೆ ಒಯ್ಯಬೇಕಿತ್ತು. ಅಮೆರಿಕದ ಎಲ್ಲ ನಾಣ್ಯಗಳ ಒಂದೊಂದು ಸೆಟ್ ಕೊಡೋಣ ಅಂತಾಯ್ತು. ಡಾಲರ್ ಕೊನೆಗೆ ಹೊಡೆದಿದ್ದು ಯಾವಾಗ ಅಂತ ಪುಸ್ತಕ ನೋಡಿದ್ರೆ 1804. ಸರಿ, ಆ ಇಸವಿ ಹಾಕಿ ಹೊಸದಾಗಿ ಅಚ್ಚು ಮಾಡಿ ಹೊಡೆದರು. ಮೂವತ್ತು ವರ್ಷ ಹಿಂದಿನ ತಾರೀಕು. ಮಸ್ಕತ್ತಿನ ಉಡುಗೊರೆ ಒಪ್ಪಿಸಿದ ಮೇಲೆ ಆ ಪೀಕಾಕ್ ಅನ್ನೋ ಹಡಗು ದುರಸ್ತಿಗೆ ಅಂತ ಮುಂಬಯಿಗೂ ಬಂದಿತ್ತು. ಸಯಾಮಿನ ರಾಜನ ಡಾಲರ್ ನಮ್ಮ ಕರಾವಳಿಯ ನೀರಲ್ಲಿ ತೇಲಿಹೋಗಿದೆ ಅಂತ ನೆನೆಸಿಕೊಂಡರೆ ನನಗೆ ಈಗಲೂ ಮಜಾ.

ಇಲ್ಲಿಗೆ ನಿಂತಿದ್ದರೆ ಮುಗ್ಧ ತಪ್ಪು ಅನ್ನಬಹುದಿತ್ತು. 1858ರ ಸುಮಾರಿಗೆ, ಸಂಗ್ರಾಹಕರು ಈ ನಾಣ್ಯಕ್ಕೆ ಬಾಯಿ ಬಿಡೋದು ನೋಡಿ, ಟಂಕಸಾಲೆಯ ಒಳಗಿನವರೇ ಮತ್ತಷ್ಟು ಹೊಡೆದು ಗುಟ್ಟಾಗಿ ಹೊರಗೆ ಬಿಟ್ಟರು. ಅದರಲ್ಲಿ ಒಂದನ್ನ ಹೊಡೆದದ್ದು 1857ರ ಸ್ವಿಟ್ಜರ್ಲೆಂಡ್ ನಾಣ್ಯವೊಂದರ ಮೇಲೆ, ಅದು ಈಗ ಸ್ಮಿತ್ಸೋನಿಯನ್‌ನಲ್ಲಿದೆ. ಹೀಗೆ ಹುಟ್ಟಿದ ಎಲ್ಲ ಸೇರಿ ಹದಿನೈದು ಚಿಲ್ಲರೆ ನಾಣ್ಯ. ‘ಅಮೆರಿಕದ ನಾಣ್ಯಗಳ ರಾಜ’ ಅಂತ ಬಿರುದು. 1962ರಲ್ಲಿ ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸ್ಸೆಟ್ ಪುಸ್ತಕ ಬರೆದು ಈ ಕತೆಯನ್ನೆಲ್ಲ ಬಯಲಿಗಿಟ್ಟರು. ಬೆಲೆ ಬಿತ್ತಾ? ಇಲ್ಲ. 1999ರಲ್ಲಿ ಮಸ್ಕತ್ತಿನದು ಅನ್ನೋ ನಾಣ್ಯ 41,40,000 ಡಾಲರಿಗೆ, 2021ರಲ್ಲಿ 76,80,000ಕ್ಕೆ ಹೋಯಿತು.

ಮನೆಯವರು ಪ್ರೀತಿಯಿಂದ ಉಜ್ಜಿದ 1799ರ ಅಸಲಿ ಡಾಲರಿಗೆ ಅಂಕ ಇಲ್ಲ. ಇಸವಿಯೇ ಸುಳ್ಳಾದ 1804ಕ್ಕೆ ಅಂಕವೂ ಇದೆ, ಪಟ್ಟವೂ ಇದೆ. ಸರ್ಕಾರದ ಮನೆಯೊಳಗೆ ನಡೆದದ್ದಕ್ಕೆಲ್ಲ ಮಾಫಿ, ಹೊರಗೆ ನಡೆದದ್ದಕ್ಕೆಲ್ಲ ದಂಡ. ದಾಖಲೆಯ ನಿಷ್ಠೆ ಅಂತ ನಾನೇ ಒಪ್ಪಿಕೊಂಡ ತತ್ವ ಇಲ್ಲಿ ಮುರಿದುಬೀಳುತ್ತೆ. ಮೌಲ್ಯಮಾಪನ ಅಂತ ಕರೆಯೋ ಈ ಇಡೀ ವ್ಯವಹಾರದಲ್ಲಿ ನಾಣ್ಯದ ಗುಣ ಒಂದು ಪಾಲು, ಯಾರ ಕೈಯಿಂದ ಬಂತು ಅನ್ನೋದು ಎರಡು ಪಾಲು.

ಹಾಗಂತ ಹವ್ಯಾಸ ಬಿಡಿ ಅಂತ ನಾನು ಹೇಳಲ್ಲ. ಚೀಟಿಗಿಂತ ಮೊದಲು ನಾಣ್ಯ ನೋಡಿ ಅಂತೀನಿ. ತೂಕ, ಅಂಚು, ಆಮೇಲೆ ಅಚ್ಚಿನ ಗುಣ, ಆಮೇಲೆ ದೀಪದ ಕೆಳಗೆ ಮೇಲ್ಮೈ, ಎಲ್ಲಕ್ಕಿಂತ ಕೊನೆಗೆ ಅಂಕಿ. ಇನ್ನೊಂದು ಸುಖ ಇದೆ, ದುಡ್ಡಿಗೆ ಸಂಬಂಧವೇ ಇಲ್ಲದ್ದು. ಆ ಕಾಲದಲ್ಲಿ ಅಚ್ಚಿನ ಅಕ್ಷರ, ನಕ್ಷತ್ರಗಳನ್ನೆಲ್ಲ ಕೈಯಲ್ಲೇ ಒಂದೊಂದಾಗಿ ಒತ್ತುತ್ತಿದ್ದರು. ಹಾಗಾಗಿ ಎರಡು ಅಚ್ಚು ಒಂದೇ ಥರ ಇರಲ್ಲ. ಬೋಲೆಂಡರ್ ಅನ್ನೋರು 1950ರಲ್ಲಿ ಇವನ್ನೆಲ್ಲ ಪಟ್ಟಿಮಾಡಿದರು, ನೂರಕ್ಕೂ ಹೆಚ್ಚು ಬಗೆ. 1799ರ ಒಂದು ಬಗೆಯಲ್ಲಿ ಎಡಕ್ಕೆ ಏಳು, ಬಲಕ್ಕೆ ಆರು ನಕ್ಷತ್ರ ಇರಬೇಕಾದ ಕಡೆ ಎಂಟು, ಐದು ಆಗಿಬಿಟ್ಟಿದೆ. 1800ರ ಒಂದರಲ್ಲಿ ಅಮೆರಿಕ ಅನ್ನೋ ಹೆಸರಿನ ಕೊನೆಗೆ ಬೇಡದ ಒಂದು ಗೆರೆ. ನನಗೆ ಪ್ರಿಯವಾದದ್ದು ಹದ್ದಿನ ತಲೆಯ ಮೇಲೆ ಹದಿಮೂರರ ಬದಲು ಹದಿನೈದು ನಕ್ಷತ್ರ ಒತ್ತಿದ ಅಚ್ಚು. ತಪ್ಪು ಗೊತ್ತಾದ ಮೇಲೆ ಆತ ಅಕ್ಕಪಕ್ಕದ ಮೋಡಗಳನ್ನ ದಪ್ಪ ಮಾಡಿ ಎರಡನ್ನ ಮುಚ್ಚಿದ. ಮೋಡದ ಅಂಚಲ್ಲಿ ನಕ್ಷತ್ರದ ತುದಿಗಳು ಇನ್ನೂ ಇಣುಕ್ತಾ ಇವೆ. ರಿಲೀಸ್ ಹಿಂದಿನ ರಾತ್ರಿ ಬಗ್ ಮುಚ್ಚಿದವರಿಗೆ ಆತನ ಕಷ್ಟ ಗೊತ್ತು. ಇದನ್ನ ನೋಡೋಕೆ ಅಂಕಿ ಬೇಡ, ಭೂತಗನ್ನಡಿ ಸಾಕು. ಉಜ್ಜಿದ ನಾಣ್ಯದಲ್ಲೂ ಕಾಣುತ್ತೆ.

ಪ್ರಾಜೆಕ್ಟ್ ಮುಗಿದು ವಾಪಸ್ ಬಂದೆ. ಶ್ರಾವಣದಲ್ಲಿ ಅಮ್ಮ ಕೇಳಿದಳು, ‘ನಿನ್ನ ಆ ಬೆಳ್ಳಿ ನಾಣ್ಯ ಲಕ್ಷ್ಮಿ ಮುಂದೆ ಇಡೋಣ್ವಾ?’ ಡಬ್ಬಿ ಕೊಟ್ಟೆ. ತಿರುಗಿಸಿ ನೋಡಿ, ‘ಪ್ಲಾಸ್ಟಿಕ್ ಸಮೇತ ಇಡೋದಾ?’ ಅಂದಳು.

ಒಂದು ನಿಮಿಷ ಯೋಚಿಸಿದೆ. ಅಂಕ ಇಲ್ಲದ ಡಬ್ಬಿಗೆ ಏನು ಮರ್ಯಾದೆ ಅಂತ ಇಕ್ಕಳ ತಂದು ಮೂಲೆಯಿಂದ ಮುರಿದೆ. ಮಾರೋವಾಗ ಮತ್ತೆ ಕಳಿಸಿ ಅಸಲಿ ಅಂತ ಬರೆಸಬೇಕು, ಖರ್ಚು. ಪರವಾಗಿಲ್ಲ ಅನ್ನಿಸಿತು. ನಾಣ್ಯ ಅಂಗೈಗೆ ಬಿತ್ತು. ಮೇಳದ ದಿನ ಬಿಟ್ಟರೆ ನಾನದನ್ನ ಬರಿಗೈಯಲ್ಲಿ ಹಿಡಿದಿರಲೇ ಇಲ್ಲ.

‘ಇದಕ್ಕೆಷ್ಟು ಅಂತ ಎಲ್ಲೂ ಬರೆದೇ ಇಲ್ವಲ್ಲೋ’ ಅಂದಳು ಅಮ್ಮ, ಎರಡೂ ಮುಖ ನೋಡಿ. ನಿಜ, ಈ ಡಾಲರ್‌ಗಳ ಮುಖದ ಮೇಲಾಗಲಿ ಬೆನ್ನ ಮೇಲಾಗಲಿ ಬೆಲೆ ಇಲ್ಲ. ಅದು ಇರೋದು ಅಂಚಿನಲ್ಲಿ, ಬಿಲ್ಲೆಯನ್ನ ಎರಡು ಪಟ್ಟಿಗಳ ನಡುವೆ ಉರುಳಿಸಿ ಒತ್ತಿದ ಅಕ್ಷರಗಳಲ್ಲಿ. ಅಂಚು ಹಿಡಿದು, ನಿಧಾನಕ್ಕೆ ತಿರುಗಿಸಿ ಓದಿ ಹೇಳಿದೆ: ಹಂಡ್ರೆಡ್ ಸೆಂಟ್ಸ್, ಒನ್ ಡಾಲರ್ ಆರ್ ಯೂನಿಟ್. ನನ್ನ ಡಬ್ಬಿಯಲ್ಲಿ ಇದು ಪೂರ್ತಿ ಮುಚ್ಚಿಹೋಗಿತ್ತು.

ಅಮ್ಮ ಅದನ್ನ ತಟ್ಟೆಯಲ್ಲಿ, ಅರಿಶಿನ ಕೊಂಬಿನ ಪಕ್ಕ ಇಟ್ಟಳು. ಕುಂಕುಮದ ಭರಣಿಗೆ ಕೈ ಹಾಕಿದಾಗ ನಾನು ಬಾಯಿ ತೆಗೆದೆ.

‘ಗೊತ್ತು ಕಣೋ, ಹಚ್ಚಲ್ಲ’ ಅಂದಳು. ‘ಹಚ್ಚಿದ್ರೆ ನಾಳೆ ತೊಳೀಬೇಕಾಗುತ್ತೆ.’